‘ಪ್ರೆಸೆಂಟ್ಲಿ’ ಎಂಬ ಶಬ್ದದ ಅರ್ಥಚರಿತ್ರೆ

ಹಳೆಯ ಗ್ರಂಥದಲ್ಲಿ ಅಪರಿಚಿತ ಶಬ್ದವು ಎದುರಾದರೆ ವಾಚಕನು ಎಚ್ಚತ್ತು ಕೋಶವನ್ನು ತೆರೆಯುತ್ತಾನೆ. ಶಬ್ದವು ಪರಿಚಿತವಾಗಿದ್ದು ಅದರ ಅರ್ಥ ಮಾತ್ರ ಬೇರೆಯಾಗಿದ್ದರೆ, ತಿಳಿಯಿತೆಂದು ಭಾವಿಸಿ ಮುಂದೆ ಸಾಗುತ್ತಾನೆ. ಇವೆರಡರಲ್ಲಿ ಎರಡನೆಯದೇ ಹೆಚ್ಚು ಅಪಾಯಕರವಾದುದು. ಇಂಗ್ಲಿಷಿನ ‘ಪ್ರೆಸೆಂಟ್ಲಿ’ ಎಂಬ ಕ್ರಿಯಾವಿಶೇಷಣವು ಇದಕ್ಕೆ ಉತ್ತಮ ನಿದರ್ಶನ.

ಲ್ಯಾಟಿನ್ ಮೂಲದಿಂದ ಫ್ರೆಂಚಿನ ಮುಖಾಂತರ ಬಂದ, ‘ಎದುರಿಗಿರುವ’ ಎಂಬರ್ಥದ ‘ಪ್ರೆಸೆಂಟ್’ ಶಬ್ದದಿಂದ ಇದು ನಿಷ್ಪನ್ನವಾಗಿದೆ. ೧೪ನೆಯ ಶತಮಾನದ ಕೊನೆಯಿಂದ ಇದರ ಪ್ರಯೋಗಗಳು ದೊರೆಯುತ್ತವೆ. ‘ಈಗ’, ‘ಈ ಕ್ಷಣವೇ’ ಎಂಬುವು ಇದರ ಹಳೆಯ ಅರ್ಥಗಳು. ‘ಸ್ವಲ್ಪ ಹೊತ್ತಿನಲ್ಲಿ’ ಎಂಬ ಅರ್ಥವು ೧೬ನೆಯ ಶತಮಾನದಿಂದೀಚೆಗೆ ಮೆಲ್ಲಮೆಲ್ಲನೆ ಪ್ರಬಲವಾಯಿತು. ೧೬೧೧ರಲ್ಲಿ ಆಸ್ಥಾನದಲ್ಲಿ ಪ್ರದರ್ಶಿತವಾದ ಷೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕದ ನಾಲ್ಕನೆಯ ಅಂಕದಲ್ಲಿ, ಪ್ರಾಸ್ಪೆರೊ ಆಜ್ಞೆ ಮಾಡಲು, ಏರಿಯಲ್ಲನು ಈ ಒಂದೇ ಶಬ್ದದಿಂದ ಪ್ರಶ್ನಿಸುತ್ತಾನೆ. ಅದಕ್ಕೆ ಬಂದ ಉತ್ತರವು ಎವೆಯಿಕ್ಕುವಷ್ಟು ಕಾಲವನ್ನು ಮಾತ್ರ ಕೊಡುತ್ತದೆ. ಇಲ್ಲಿ ಹಳೆಯ ಅರ್ಥವು ನಿಸ್ಸಂದೇಹವಾದುದು.

ಅದೇ ೧೬೧೧ರ ಇಂಗ್ಲಿಷ್ ಬೈಬಲ್ಲಿನಲ್ಲಿ ಈ ಶಬ್ದದ ತಿಳಿವಳಿಕೆಗೆ ಇನ್ನೂ ಹೆಚ್ಚಿನ ಬೆಲೆಯುಂಟು. ಮತ್ತಾಯನ ಸುವಾರ್ತೆಯ ೨೧ನೆಯ ಅಧ್ಯಾಯದಲ್ಲಿ ಕ್ರಿಸ್ತನ ಶಾಪದಿಂದ ಅಂಜೂರದ ಮರವು ‘ಪ್ರೆಸೆಂಟ್ಲಿ’ ಒಣಗಿತೆಂದಿದೆ. ಗ್ರೀಕ್ ಮೂಲದ ಶಬ್ದಕ್ಕೆ ‘ತತ್‌ಕ್ಷಣ’ ಎಂದರ್ಥ. ಮಾರ್ಕನ ಸುವಾರ್ತೆಯ ೧೧ನೆಯ ಅಧ್ಯಾಯದಲ್ಲಾದರೋ ಶಿಷ್ಯರು ಆ ಮರವು ಒಣಗಿರುವುದನ್ನು ಮರುದಿನ ಬೆಳಗ್ಗೆ ಕಾಣುತ್ತಾರೆ. ‘ಪ್ರೆಸೆಂಟ್ಲಿ’ಗೆ ‘ಕೆಲಹೊತ್ತಿನ ಮೇಲೆ’ ಎಂದು ಅರ್ಥಮಾಡುವವನಿಗೆ ಈ ಎರಡು ಕಥನಗಳಿಗಿರುವ ಭೇದವೇ ಕಾಣದೆ ಹೋಗುತ್ತದೆ. ೧೮೮೧ರ ಪರಿಷ್ಕೃತ ಭಾಷಾಂತರದಲ್ಲಿ ಈ ಸ್ಥಳದಲ್ಲಿ ‘ಇಮೀಡಿಯಟ್ಲಿ’ ಎಂದು ಬದಲಾಯಿಸಿರುವುದು ಉಚಿತವೇ ಆಗಿದೆ.

ಈ ಗತಿಯು ಇದೊಂದು ಶಬ್ದಕ್ಕೆ ಮಾತ್ರ ಬಂದುದಲ್ಲ. ‘ಸೂನ್’ ಎಂಬುದು ಪ್ರಾಚೀನ ಇಂಗ್ಲಿಷಿನಲ್ಲಿ ‘ಕೂಡಲೆ’ ಎಂಬರ್ಥವನ್ನು ಕೊಡುತ್ತಿದ್ದಿತು. ‘ಅನಾನ್’ ಎಂಬುದೂ ಹಾಗೆಯೇ. ಹೆರೋದ್ಯಳ ಮಗಳು ಯೋಹಾನನ ತಲೆಯನ್ನು ಬೇಡಿದಾಗ ೧೬೧೧ರ ಪಾಠದಲ್ಲಿ ಆಡುವ ‘ಬೈ ಅಂಡ್ ಬೈ’ ಎಂಬುದಕ್ಕೂ ‘ಈಗಲೇ’ ಎಂದೇ ಅರ್ಥ. ಇವೆಲ್ಲವೂ ಸಡಿಲಗೊಂಡು ವಿಳಂಬವನ್ನು ಸೂಚಿಸತೊಡಗಿದುವು. ಕಾರಣವು ಮನುಷ್ಯಸ್ವಭಾವದಲ್ಲಿಯೇ ಇದೆಯೆಂದು ತೋರುತ್ತದೆ. ಕೂಡಲೆ ಮಾಡುವೆನೆಂದವನು ತಡಮಾಡುತ್ತಾನೆ. ಕೇಳುವವರು ಮಾತನ್ನು ಬಿಟ್ಟು ನಡತೆಯಿಂದ ಅರ್ಥವನ್ನು ಗ್ರಹಿಸುತ್ತಾರೆ. ‘ಇದೋ, ಈಗ ಬಂದೆ’ ಎಂದು ಕನ್ನಡಿಗನು ಭೂತಕಾಲದಲ್ಲಿಯೇ ನುಡಿದರೂ, ಕಾದಿರುವವನು ಒಂದು ಗಳಿಗೆಯನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುವುದಿಲ್ಲವೆ?

‘ಈಗ’ ಎಂಬ ಮತ್ತೊಂದು ಹಳೆಯ ಅರ್ಥವು ಸ್ಕಾಟ್ಲೆಂಡಿನಲ್ಲಿ ಉಳಿದುಕೊಂಡಿತು. ಅಮೆರಿಕದಲ್ಲಿಯೂ ನಮ್ಮ ದೇಶದ ಇಂಗ್ಲಿಷಿನಲ್ಲಿಯೂ ಇಂದು ಸರ್ವೇಸಾಮಾನ್ಯವಾಗಿದೆ. ಇದನ್ನು ದೋಷವೆನ್ನುವವರು ಇದರ ಪ್ರಾಚೀನತೆಯನ್ನು ಪರ್ಯಾಲೋಚಿಸಬೇಕು. ಇಂದಿನ ಬರಹದಲ್ಲಿ ವರ್ತಮಾನಕ್ರಿಯೆಯೊಡನೆ ‘ಈಗ’ ಎಂದೂ, ಭವಿಷ್ಯತ್ಕ್ರಿಯೆಯೊಡನೆ ‘ಸ್ವಲ್ಪ ಹೊತ್ತಿನಲ್ಲಿ’ ಎಂದೂ ಸಾಮಾನ್ಯವಾಗಿ ಅರ್ಥಮಾಡಬಹುದು. ೧೭ನೆಯ ಶತಮಾನದ ಗ್ರಂಥಗಳಿಗೆ ಈ ಸೂತ್ರವು ಸಾಲದು. ಅಲ್ಲಿ ಗ್ರಂಥದ ಕಾಲವನ್ನು ಮೊದಲು ನಿಶ್ಚಯಿಸಿ, ಪ್ರಕರಣವನ್ನು ಪರಿಶೀಲಿಸಿ, ಆ ಬಳಿಕವೇ ಅರ್ಥವನ್ನು ಹೇಳತಕ್ಕದ್ದು. ಉಪಾಧ್ಯಾಯರು ವಿದ್ಯಾರ್ಥಿಗಳಿಗೆ ಕೋಶದ ಅರ್ಥವನ್ನು ತೋರಿಸುವಾಗ, ಆ ಅರ್ಥದ ಪಕ್ಕದಲ್ಲಿರುವ ವರ್ಷವನ್ನೂ ಓದಿಸುವುದು ಅವಶ್ಯಕ.