ಕನಿಷ್ಠ ಕಂಪೈಲರ್ ಆವೃತ್ತಿ

ಕನಿಷ್ಠ ಕಂಪೈಲರ್ ಆವೃತ್ತಿ ಎಂದರೆ ಒಂದು ತಂತ್ರಾಂಶದ ಆಕರ ಸಂಕೇತವನ್ನು ಯಂತ್ರಭಾಷೆಗೆ ಪರಿವರ್ತಿಸಲು ಆ ಯೋಜನೆಯು ಒಪ್ಪುವ ಅತ್ಯಂತ ಹಳೆಯ ಕಂಪೈಲರ್ ಆವೃತ್ತಿ. ಮುಕ್ತ ತಂತ್ರಾಂಶ ಯೋಜನೆಗಳು ಈ ಮಿತಿಯನ್ನು ತಮ್ಮ ದಾಖಲೆಗಳಲ್ಲಿ ನಮೂದಿಸುತ್ತವೆ ಮತ್ತು ಕಾಲಕಾಲಕ್ಕೆ ಏರಿಸುತ್ತವೆ. ಆಕರ ಸಂಕೇತದಿಂದ ತಂತ್ರಾಂಶವನ್ನು ಕಟ್ಟುವವರಿಗೆ ಮಾತ್ರ ಈ ಮಿತಿ ಅನ್ವಯಿಸುತ್ತದೆ. ಸಿದ್ಧರೂಪದಲ್ಲಿ ಅನುಸ್ಥಾಪಿಸಿಕೊಳ್ಳುವ ಬಳಕೆದಾರರಿಗೆ ಅನ್ವಯಿಸುವುದಿಲ್ಲ.

ಕಾರಣಗಳು

ಸಿ ಮತ್ತು ಸಿ++ ಭಾಷೆಗಳ ಹೊಸ ಮಾನಕಗಳು ತರುವ ಸೌಲಭ್ಯಗಳನ್ನು ಹಳೆಯ ಕಂಪೈಲರ್‌ಗಳು ಅರಿಯವು. ಹಳೆಯ ಆವೃತ್ತಿಗಳ ದೋಷಗಳನ್ನು ತಪ್ಪಿಸಲು ಬರೆದ ಬಳಸುದಾರಿಯ ಸಂಕೇತವೂ ವರ್ಷಗಳು ಕಳೆದಂತೆ ಹೊರೆಯಾಗುತ್ತದೆ. ಕೆಲವೊಮ್ಮೆ ಕಂಪೈಲರಿನ ದೋಷವೇ ದತ್ತಾಂಶಕ್ಕೆ ಅಪಾಯ ಒಡ್ಡುತ್ತದೆ.

ಲಿನಕ್ಸ್ ಕರ್ನಲ್

ಲಿನಕ್ಸ್ ಕರ್ನಲ್ ಬಹುಕಾಲ ಜಿಸಿಸಿ 3.2 ಆವೃತ್ತಿಯನ್ನೇ ಕನಿಷ್ಠ ಮಿತಿಯಾಗಿ ಇರಿಸಿಕೊಂಡಿತ್ತು. ನಂತರದ ಏರಿಕೆಗಳು ಹೀಗಿವೆ:

• ಕರ್ನಲ್ 4.19 (2018): ಜಿಸಿಸಿ 4.6
• ಕರ್ನಲ್ 5.8 (2020): ಜಿಸಿಸಿ 4.9
• ಕರ್ನಲ್ 5.15 (2021): ಜಿಸಿಸಿ 5.1
• ಕರ್ನಲ್ 6.16 (2025): ಜಿಸಿಸಿ 8.1

64 ಬಿಟ್‌ನ ಆರ್ಮ್ ಸಂಸ್ಕಾರಕಗಳಿಗೆ 5.1ರ ಮಿತಿಯನ್ನು 2021ರ ಆರಂಭದಲ್ಲೇ ವಿಧಿಸಲಾಯಿತು. ಇಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲಿ ಕಾಣಿಸಿಕೊಂಡ ಚೆಕ್‌ಸಮ್ ದೋಷಗಳ ಜಾಡು ಹಿಡಿದ ರಸೆಲ್ ಕಿಂಗ್ ಅವರಿಗೆ ಅದರ ಮೂಲ ಜಿಸಿಸಿ 4.9ರಲ್ಲಿ ದೊರೆಯಿತು. ಆ ಕಂಪೈಲರ್ ರಚಿಸಿದ ಸಂಕೇತವು ಸ್ಟ್ಯಾಕ್‌ನ ಜಾಗವನ್ನು ಬಿಟ್ಟುಕೊಟ್ಟ ಬಳಿಕ ಅದೇ ಜಾಗದಿಂದ ಮೌಲ್ಯವನ್ನು ಓದುತ್ತಿತ್ತು. ಆ ಕ್ಷಣದಲ್ಲಿ ಇಂಟರಪ್ಟ್ ಬಂದರೆ ಮೌಲ್ಯ ಅಳಿಸಿಹೋಗುತ್ತಿತ್ತು. ಕರ್ನಲ್‌ನ ಆಕರ ಸಂಕೇತದಲ್ಲಿ ತಪ್ಪಿರಲಿಲ್ಲವಾದ್ದರಿಂದ ಅದನ್ನು ಎಷ್ಟು ಓದಿದರೂ ದೋಷ ಕಾಣುವಂತಿರಲಿಲ್ಲ.

ಜಿಸಿಸಿ 5.1ರ ಮಿತಿಯಿಂದ ಇನ್ನೊಂದು ಹಾದಿ ತೆರೆಯಿತು. ಕರ್ನಲ್ 5.18 (2022) ಸಿ ಭಾಷೆಯ 1989ರ ಮಾನಕವನ್ನು ಬಿಟ್ಟು 2011ರ ಮಾನಕಕ್ಕೆ ಬದಲಾಯಿತು. ಆವರ್ತನೆಯ ಚರಾಕ್ಷರವನ್ನು ಆವರ್ತನೆಯೊಳಗೇ ಘೋಷಿಸಿ, ಅದು ಹೊರಗೆ ತಪ್ಪಾಗಿ ಬಳಕೆಯಾಗದಂತೆ ತಡೆಯಲು ಇದರಿಂದ ಸಾಧ್ಯವಾಯಿತು.

ಎಲ್‌ಎಲ್‌ವಿಎಂ ಮತ್ತು ಬೆಂಗಳೂರು

ಎಲ್‌ಎಲ್‌ವಿಎಂ ಸ್ವತಃ ಕಂಪೈಲರ್ ರಚನೆಯ ಮುಕ್ತ ಯೋಜನೆ. 2023ರಲ್ಲಿ ಬಿಡುಗಡೆಯಾದ ಅದರ 16ನೆಯ ಆವೃತ್ತಿಯನ್ನು ಕಟ್ಟಲು ಸಿ++17 ಬಲ್ಲ ಕಂಪೈಲರ್ ಅಗತ್ಯ. ಕಳೆದ ಮೂರು ವರ್ಷಗಳ ಕಂಪೈಲರ್‌ಗಳನ್ನಾದರೂ ಬೆಂಬಲಿಸುವುದು ಯೋಜನೆಯ ಸಾಮಾನ್ಯ ನೀತಿ. ಮಿತಿ ಏರಿಸುವ ಮೊದಲು ಪ್ರಸ್ತಾವವನ್ನು ಚರ್ಚೆಗೆ ಇಡಲಾಗುತ್ತದೆ. ಆರಂಭದಲ್ಲಿ ಬದಿಗಿರಿಸಬಹುದಾದ ದೋಷ ಸಂದೇಶವನ್ನು ನೀಡಿ, ಆಮೇಲೆ ನಿಯಮವನ್ನು ಕಡ್ಡಾಯಗೊಳಿಸಲಾಗುತ್ತದೆ.

ಎಲ್‌ಎಲ್‌ವಿಎಂನ ಭಾಗವಾದ ಎಂಎಲ್‌ಐಆರ್ ಅನ್ನು ರೂಪಿಸಿದ ಮೊದಲ ತಂಡದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉದಯ್ ಬೊಂಡುಗುಲ ಇದ್ದರು. ಮಹದೇವಪುರ, ವೈಟ್‌ಫೀಲ್ಡ್ ಭಾಗದ ತಂತ್ರಾಂಶ ಕಂಪನಿಯಾಗಲಿ, ಕಾಲೇಜಿನ ಪ್ರಯೋಗಾಲಯವಾಗಲಿ, ಈ ಯೋಜನೆಯನ್ನು ಆಕರದಿಂದ ಕಟ್ಟಬೇಕಾದರೆ ಅದೇ ಮಿತಿಗೆ ಒಳಪಡುತ್ತದೆ.

ಪರಿಣಾಮಗಳು

ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7ರ ಮೂಲ ಕಂಪೈಲರ್ ಜಿಸಿಸಿ 4.8. ಅದರ ಸಾಮಾನ್ಯ ನಿರ್ವಹಣೆ 2024ರ ಜೂನ್ 30ರವರೆಗೆ ನಡೆಯಿತು. ಹೀಗಾಗಿ ಇನ್ನೂ ನಿರ್ವಹಣೆಯಲ್ಲಿದ್ದ ವ್ಯವಸ್ಥೆಯ ಮೂಲ ಕಂಪೈಲರ್ ಕೂಡ ಎಲ್‌ಎಲ್‌ವಿಎಂ 16ಕ್ಕೆ ಸಾಲದಾಯಿತು. ಇಂತಹ ಸಂದರ್ಭದಲ್ಲಿ ಹಳೆಯ ಕಂಪೈಲರನ್ನು ತೆಗೆಯದೆ ಅದರ ಪಕ್ಕದಲ್ಲೇ ಹೊಸದನ್ನು ಅನುಸ್ಥಾಪಿಸುವುದು ರೂಢಿ. ರೆಡ್ ಹ್ಯಾಟ್‌ನ ಡೆವಲಪರ್ ಟೂಲ್‌ಸೆಟ್ ಈ ಉದ್ದೇಶದ್ದು.

ಹೊಸ ಕಂಪೈಲರನ್ನು ಕಟ್ಟಲೂ ಒಂದು ಕಂಪೈಲರ್ ಬೇಕು. 2021ರ ಜಿಸಿಸಿ 11ನ್ನು ಕಟ್ಟಲು ಸಿ++11 ಬಲ್ಲ ಕಂಪೈಲರ್ ಅಗತ್ಯವಾಗಿದ್ದು, ಜಿಸಿಸಿ 4.8 ಅದಕ್ಕೆ ಸಾಕು. ಅದಕ್ಕಿಂತ ಹಳೆಯದು ಮಾತ್ರ ಇರುವವರು ಮೊದಲು ನಡುವಿನ ಆವೃತ್ತಿಯೊಂದನ್ನು ಕಟ್ಟಿ, ಅದರಿಂದ ಹೊಸದನ್ನು ಕಟ್ಟಬೇಕಾಗುತ್ತದೆ.