ಎರ್ಮಾಳಿನ ಜನಾರ್ದನನೂ ಶಬ್ದಗಳ ಗೋತ್ರವೂ

ಪಡುಬಿದ್ರಿಯಿಂದ ಕಾಪುವಿನತ್ತ ಕಡಲ ಮಗ್ಗುಲಲ್ಲೇ ಸಾಗುವ ಹೆದ್ದಾರಿಯಲ್ಲಿ ಉಚ್ಚಿಲಕ್ಕೆ ಮೊದಲು ದೊರೆಯುವ ಎರ್ಮಾಳು, ತೆಂಕ ಎರ್ಮಾಳೆಂದೂ ಬಡ ಎರ್ಮಾಳೆಂದೂ ಎರಡು ಗ್ರಾಮಗಳಾಗಿರುವುದನ್ನು ಈ ಸೀಮೆಯವರೆಲ್ಲರೂ ಬಲ್ಲರು. 'ಎರ್ಮಾಳ್ ಜಪ್ಪು, ಖಂಡೇವು ಅಡೆಪು' ಎಂಬ ತುಳು ನಾಣ್ಣುಡಿಯೂ ಅಷ್ಟೇ ಪ್ರಸಿದ್ಧವಾದುದು. ತುಳುನಾಡಿನ ಉತ್ಸವಗಳ ವಾರ್ಷಿಕ ಸಾಲು ಎರ್ಮಾಳಿನ ಜನಾರ್ದನನ ಸನ್ನಿಧಿಯಲ್ಲಿ ಮೊದಲುಗೊಂಡು ಖಂಡೇವಿನಲ್ಲಿ ಮುಗಿಯುವುದೆಂಬುದು ಅದರ ತಾತ್ಪರ್ಯ. ತೆಂಕ, ಬಡ, ಜಪ್ಪು, ಅಡೆಪು, ಇವೆಲ್ಲವೂ ಈ ನೆಲದ ದ್ರಾವಿಡ ನುಡಿಗಳು. ದೇವರ ಹೆಸರಾದರೋ ಬೇರೊಂದು ಗೋತ್ರದ್ದು. ಆ ಗೋತ್ರದ ಬಂಧುಗಳು ಐಸ್‌ಲೆಂಡಿನವರೆಗೂ ಹರಡಿಕೊಂಡಿರುವರು.

ಜನಾರ್ದನ ಶಬ್ದದ ಪೂರ್ವಪದವಾದ 'ಜನ'ವು ಹುಟ್ಟುವುದೆಂಬ ಅರ್ಥದ ಜನ್ ಧಾತುವಿನಿಂದ ಬಂದುದು. ಇದೇ ಮೂಲದಿಂದ ಗ್ರೀಕರಿಗೆ ಗೆನೋಸ್, ಲ್ಯಾಟಿನರಿಗೆ ಗೆನುಸ್, ಇಂಗ್ಲಿಷರಿಗೆ ಬಂಧುವರ್ಗವನ್ನು ಹೇಳುವ ಕಿನ್ ಎಂಬ ಶಬ್ದಗಳು ಒದಗಿದುವು. ಧ್ವನಿ ಕೊಂಚ ಹೋಲಿದ ಮಾತ್ರಕ್ಕೆ ಇಂತಹ ನೆಂಟಸ್ತಿಕೆಯನ್ನು ಹೂಡುವುದು ನಮ್ಮಲ್ಲಿ ಪಂಡಿತರಿಗೂ ಪಾಮರರಿಗೂ ಸಮಾನವಾದ ವಿನೋದವಾಗಿರುವುದರಿಂದ, ಪ್ರಮಾಣವಾವುದೆಂದು ಇಲ್ಲಿಯೇ ಕೇಳುವುದು ಲೇಸು. ಪ್ರಮಾಣವಿರುವುದು ಹೋಲಿಕೆಯಲ್ಲಲ್ಲ, ನಿಯಮದಲ್ಲಿ. ಸಂಸ್ಕೃತದ ಜಕಾರವಿದ್ದಲ್ಲಿ ಲ್ಯಾಟಿನಿನಲ್ಲಿ ಗಕಾರವೂ ಇಂಗ್ಲಿಷಿನಲ್ಲಿ ಕಕಾರವೂ ಬರುವುದು ಜನ ಶಬ್ದವೊಂದರಲ್ಲೇ ಅಲ್ಲ: ಮೊಣಕಾಲೆಂಬರ್ಥದ ಜಾನು ಲ್ಯಾಟಿನಿನಲ್ಲಿ ಗೆನು, ಇಂಗ್ಲಿಷಿನಲ್ಲಿ ನೀ; ಅರಿಯುವುದೆಂಬರ್ಥದ ಜ್ಞಾ ಧಾತುವು ಗ್ರೀಕಿನಲ್ಲಿ ಗ್ನೋ, ಇಂಗ್ಲಿಷಿನಲ್ಲಿ ನೋ. ಈ ಎರಡು ಇಂಗ್ಲಿಷ್ ಶಬ್ದಗಳ ಮೊದಲಲ್ಲಿ ಬರೆದೂ ಓದದೆ ಬಿಡುವ ಕಕಾರವು, ಶಾಲೆಯ ಮಕ್ಕಳಿಗೆ ಎಷ್ಟು ಕಂಟಕವಾಗಿದ್ದರೂ, ಹಿಂದೆ ಉಚ್ಚಾರದಲ್ಲಿದ್ದ ವ್ಯಂಜನದ ಅವಶೇಷವೇ. ಇದಕ್ಕೆ ಪ್ರತಿಯಾಗಿ ಗ್ರೀಕರ ಥೆಓಸ್, ಲ್ಯಾಟಿನರ ದೆಉಸ್ ಎಂಬ ಶಬ್ದಗಳೆರಡೂ ದೇವರನ್ನೇ ಹೇಳುವುವಾಗಿ, ಕಿವಿಗೆ ಅವಳಿಗಳಂತೆ ಕೇಳಿಸಿದರೂ, ನಿಯಮವು ಒಪ್ಪದಿರುವುದರಿಂದ ಅವು ಬಂಧುಗಳಲ್ಲ; ನಮ್ಮ ದೇವ ಶಬ್ದಕ್ಕೆ ನಂಟು ದೆಉಸ್ಸಿನೊಡನೆ ಮಾತ್ರ.

ದಿಕ್ಕಿನ ಹೆಸರಿನಲ್ಲಿಯೂ ಇದೇ ಬಗೆಯ ಕೌತುಕವುಂಟು. ಊರವರು ತೆಂಕ ಎಂದುದನ್ನು ಸರಕಾರವು ದಕ್ಷಿಣ ಎಂದಿತು. ೧೯೯೭ರಲ್ಲಿ ಉಡುಪಿ ಜಿಲ್ಲೆಯು ಬೇರ್ಪಡುವವರೆಗೂ ಎರ್ಮಾಳು ದಕ್ಷಿಣ ಕನ್ನಡಕ್ಕೆ ಸೇರಿದ್ದಿತು. ಸಂಸ್ಕೃತದಲ್ಲಿ ದಕ್ಷಿಣವೆಂದರೆ ಬಲಗಡೆಯೂ ಹೌದು, ಮೂಡಣಕ್ಕೆ ಮುಖಮಾಡಿ ನಿಂತವನ ಬಲಕ್ಕಿರುವ ದಿಕ್ಕೂ ಹೌದು. ಬಲವೆಂಬರ್ಥದ ಲ್ಯಾಟಿನ್ ಶಬ್ದ ದೆಕ್ಸ್ತೆರ್ ಅದರ ಜ್ಞಾತಿ. ಇನ್ನು ಕೋಲ ಕಟ್ಟಿಸಿಕೊಳ್ಳುವ ಭೂತದ ಹೆಸರನ್ನು ತೆಗೆದುಕೊಂಡರೆ, ಅದರ ಭೂ ಧಾತುವು ಇಂಗ್ಲಿಷಿನ ಬೀ, ಜರ್ಮನಿನ ಬಿನ್ ಎಂಬ ಇರವಿನ ಕ್ರಿಯೆಗಳೊಡನೆ ಒಂದೇ ಬಳಿಯದು.

ಈ ಶಬ್ದಕುಲವು ನಮ್ಮ ಕರಾವಳಿಗೆ ಒಂದೇ ಸಲಕ್ಕೆ, ಒಂದೇ ಬಾಗಿಲಿನಿಂದ ಬಂದುದಲ್ಲ. ಮೊದಲು ದೇವಾಲಯಗಳ ಮತ್ತು ಮಠಗಳ ಸಂಸ್ಕೃತ, ಬಳಿಕ ಗೋವೆಯ ಕಡೆಯಿಂದ ಕಾರ್ಕಳ ಉಡುಪಿಗಳಿಗೆ ಬಂದು ನೆಲೆಸಿದ ಸಾರಸ್ವತರ ಮತ್ತು ಕ್ರೈಸ್ತರ ಕೊಂಕಣಿ, ೧೪೯೮ರ ತರುವಾಯ ಪೋರ್ಚುಗೀಸು, ೧೮೩೪ರಲ್ಲಿ ಮಂಗಳೂರಿಗಿಳಿದ ಬಾಸೆಲ್ ಮಿಶನ್ನಿನವರ ಜರ್ಮನು, ಕುಂಪಣಿಯವರ ಇಂಗ್ಲಿಷು. ಶ್ರಾದ್ಧದ ದಿನ ಪಿತೃಗಳಿಗೆ ಪಿಂಡವಿಡುವವನೂ, ಇಗರ್ಜಿಯ ಪಾದ್ರಿಯೂ, ತನ್ನ ಫಾತೆರನಿಗೆ ಸ್ವದೇಶಕ್ಕೆ ಕಾಗದ ಬರೆಯುವ ಜರ್ಮನ್ ಮಿಶನರಿಯೂ, ಫಾದರ್ ಎನ್ನುವ ಕಲೆಕ್ಟರನೂ ಒಂದೇ ಶಬ್ದದ ನಾಲ್ಕು ರೂಪಗಳನ್ನು ನಾಲಗೆಯ ಮೇಲಿಟ್ಟುಕೊಂಡು ಒಂದೇ ತೀರದಲ್ಲಿ ಓಡಾಡಿದರು. ಒಬ್ಬರ ಮಾತಿನಲ್ಲಿ ಇನ್ನೊಬ್ಬರಿಗೆ ಬಂಧುತ್ವದ ಗುರುತು ಹತ್ತಲಿಲ್ಲ. ಅವರ ನಡುವಣ ತುಳುವನು ತಂದೆಯನ್ನು ಅಮ್ಮೆ ಎಂದೂ ತಾಯಿಯನ್ನು ಅಪ್ಪೆ ಎಂದೂ ಕರೆದು, ಘಟ್ಟದ ಮೇಲಿನ ಕನ್ನಡಿಗನನ್ನೂ ಸಮನಾಗಿ ತಬ್ಬಿಬ್ಬುಮಾಡಿದನು.

ಗುರುತು ಹತ್ತಿದುದು ಮೊದಲು ಇದೇ ಕಡಲದಾರಿಯ ಬಡಗಣ ತುದಿಯಲ್ಲಿ. ೧೫೭೯ರಲ್ಲಿ ಗೋವೆಗೆ ಬಂದ ತಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಜೆಸುಯಿಟ್ ಪಾದ್ರಿಯು ೧೫೮೩ರಲ್ಲಿ ತನ್ನ ಸಹೋದರನಿಗೆ ಬರೆದ ಪತ್ರದಲ್ಲಿ, ಇಲ್ಲಿಯ ಭಾಷೆಗಳ ರಚನೆಯು ಗ್ರೀಕ್ ಲ್ಯಾಟಿನ್‌ಗಳನ್ನು ಹೋಲುವುದೆಂದು ಸೂಚಿಸಿದನು. ಆತನು ರಚಿಸಿದ ಕೊಂಕಣಿ ವ್ಯಾಕರಣವು ಮರಣಾನಂತರ, ೧೬೪೦ರಲ್ಲಿ, ರಾಚೋಲಿನಲ್ಲಿ ಮುದ್ರಿತವಾಯಿತು. ಅದರ ಮುಖಪುಟದಲ್ಲಿ ಕೊಂಕಣಿಗೆ 'ಕಾನಾರಿಂ' ಎಂಬ ಹೆಸರಿರುವುದನ್ನು ಕಂಡು ಕನ್ನಡಿಗರು ಮೋಸಹೋಗಬಾರದು. ಅದೇ ಕಾಲದಲ್ಲಿ, ಕೊಚ್ಚಿ ಗೋವೆಗಳ ನಡುವೆ ಮೆಣಸಿನ ವ್ಯವಹಾರವನ್ನು ನೋಡಿಕೊಂಡಿದ್ದು ೧೫೮೮ರಲ್ಲಿ ಗೋವೆಯಲ್ಲಿಯೇ ತೀರಿಕೊಂಡ ಫ್ಲಾರೆನ್ಸಿನ ಫಿಲಿಪ್ಪೊ ಸಾಸ್ಸೆತ್ತಿ ಎಂಬ ವರ್ತಕನು, ದೇವ, ಸರ್ಪ, ಸಪ್ತ, ಅಷ್ಟ, ನವ ಎಂಬ ಶಬ್ದಗಳನ್ನು ತನ್ನ ಇಟಾಲಿಯನ್ನಿನ ಶಬ್ದಗಳೊಡನೆ ಜೋಡಿಸಿ ಊರಿಗೆ ಬರೆದು ಕಳುಹಿದನು. ಕೊಚ್ಚಿಯಿಂದ ಗೋವೆಗೆ ಹೋಗುವ ಹಡಗುಗಳ ಹಾದಿಯು ಕಾಪು ಎರ್ಮಾಳುಗಳ ಎದುರಿನ ಕಡಲಿನದೇ. ಆ ಹಡಗಿಗೆ ಪೋರ್ಚುಗೀಸರಿಟ್ಟ 'ನಾವು' ಎಂಬ ಹೆಸರು ಸಂಸ್ಕೃತದ ನೌ ಶಬ್ದದ ಸೋದರ. ಮೊಗವೀರನ ಬಲೆಯ ಹೆಸರು ಮಾತ್ರ ಅತ್ತ ಸೇರಿದುದಲ್ಲ. ಉಡುಪಿಯ ಅಷ್ಟಮಠಗಳ ಅಷ್ಟ, ಕೊಂಕಣಿಯ ಆಟ್, ಪೋರ್ಚುಗೀಸಿನ ಓಯ್ತೊ, ಜರ್ಮನಿನ ಆಖ್ತ್ ಒಂದು ಸಾಲಾದರೆ, ತುಳುವಿನ ಎಣ್ಮ, ಕನ್ನಡದ ಎಂಟು ಇನ್ನೊಂದು ಸಾಲು.

ಪಾದ್ರಿಯ ಪತ್ರವೂ ವರ್ತಕನ ಪಟ್ಟಿಯೂ ಫಲಿಸದೆ ಉಳಿದುವು. ೧೭೮೬ರ ಫೆಬ್ರವರಿ ೨ರಂದು ಕಲಕತ್ತೆಯಲ್ಲಿ ವಿಲಿಯಂ ಜೋನ್ಸನು, ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳೆಲ್ಲವೂ ಪ್ರಾಯಶಃ ಇಂದು ಉಳಿದಿಲ್ಲದ ಯಾವುದೋ ಒಂದು ಮೂಲದಿಂದ ಹೊರಟಿರಬೇಕೆಂದು ಸಾರಿದ ಮೇಲೆಯೇ ವಿದ್ವಲ್ಲೋಕವು ಎಚ್ಚತ್ತುದು. ಆ ಮೂಲಭಾಷೆಯ ಒಂದು ಶಾಸನವಾಗಲಿ ಒಂದು ವಾಕ್ಯವಾಗಲಿ ದೊರೆತಿಲ್ಲ. ಸಂತತಿಯ ಮುಖಲಕ್ಷಣಗಳಿಂದ ಪೂರ್ವಜನ ಮುಖವನ್ನು ಊಹಿಸಿದಂತೆ ಅದನ್ನು ಮರಳಿ ಕಟ್ಟಿರುವರು.

೧೮೧೬ನೆಯ ಇಸವಿಯು ಈ ಚರಿತ್ರೆಯಲ್ಲಿ ಇಮ್ಮಡಿ ಮಹತ್ತ್ವದ್ದು. ಜರ್ಮನಿಯಲ್ಲಿ ಫ್ರಾನ್ಸ್ ಬಾಪ್ಪನು ಸಂಸ್ಕೃತಾದಿ ಭಾಷೆಗಳ ಕ್ರಿಯಾರೂಪಗಳನ್ನು ತುಲನೆಮಾಡಿದ ಗ್ರಂಥವನ್ನು ಹೊರತಂದ ಆ ವರ್ಷವೇ, ಮದರಾಸಿನ ಕಲೆಕ್ಟರನಾದ ಫ್ರಾನ್ಸಿಸ್ ವೈಟ್ ಎಲ್ಲಿಸನು ಕ್ಯಾಂಪ್‌ಬೆಲ್ಲನ ತೆಲುಗು ವ್ಯಾಕರಣಕ್ಕೆ ಬರೆದ ಪೀಠಿಕೆಯಲ್ಲಿ, ತಮಿಳು, ತೆಲುಗು, ಕನ್ನಡ, ಮಲಯಾಳ, ತುಳುಗಳು ಸಂಸ್ಕೃತದ ಮಕ್ಕಳಲ್ಲ, ತಮ್ಮದೇ ಆದ ಬೇರೊಂದು ಕುಲದವು ಎಂದು ಸ್ಥಾಪಿಸಿದನು. ಈ ದ್ರಾವಿಡ ಕುಲವನ್ನು ಕುರಿತ ಕಾಲ್ಡ್‌ವೆಲ್ಲನ ಪ್ರಸಿದ್ಧ ಗ್ರಂಥವು ಹೊರಬಂದುದು ನಾಲ್ವತ್ತು ವರ್ಷಗಳ ತರುವಾಯ. ಎಲ್ಲಿಸನಿಗೆ ಆಧಾರವಾದುದು ಯುರೋಪಿನ ತರ್ಕಕ್ಕಿಂತ ಮಿಗಿಲಾಗಿ ದೇಶೀಯ ವೈಯಾಕರಣರು ಮಾಡಿಟ್ಟ ತತ್ಸಮ, ತದ್ಭವ, ದೇಶ್ಯಗಳೆಂಬ ವಿಭಾಗ. ನಮ್ಮ ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ ಈ ಭೇದವನ್ನು ಬಲ್ಲವನಾಗಿದ್ದನು. ಪರರ ಶಬ್ದಗಳನ್ನು ಬದಿಗಿಟ್ಟು ಉಳಿದ ದೇಶ್ಯವನ್ನು ಪಕ್ಕದ ಭಾಷೆಗಳ ದೇಶ್ಯದೊಡನೆ ಹೋಲಿಸಿದರೆ ಕುಲವು ತಾನಾಗಿ ಹೊರಬೀಳುವುದು. ಎಲ್ಲಿಸನು ಮಾಡಿದುದು ಅಷ್ಟೆ, ಆದರೆ ಅದಕ್ಕೆ ಮುನ್ನ ಇನ್ನಾರೂ ಅದನ್ನು ಮಾಡಿರಲಿಲ್ಲ.

ಇಷ್ಟರಿಂದ ಶಬ್ದದ ಬಂಧುತ್ವವೇ ರಕ್ತದ ಬಂಧುತ್ವವೆಂದು ತಿಳಿಯುವುದು ಸಲ್ಲದು. ಮನೆಯಲ್ಲಿ ಕೊಂಕಣಿಯನ್ನಾಡುತ್ತ ಕನ್ನಡಕ್ಕೆ ಪ್ರಾಸವಿಲ್ಲದ ಕಾವ್ಯದ ದಾರಿಯನ್ನು ತೆರೆದ ಮಂಜೇಶ್ವರದ ಗೋವಿಂದ ಪೈಗಳು ಯಾವ ಕುಲದವರೆಂದು ಭಾಷಾಶಾಸ್ತ್ರವನ್ನು ಕೇಳಿದರೆ ಅದು ಉತ್ತರ ಹೇಳಲಾರದು. ಉಡುಪಿಯಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವೇ ೧೯೮೮ರಿಂದ ೧೯೯೭ರೊಳಗೆ ಆರು ಸಂಪುಟಗಳ ತುಳು ನಿಘಂಟುವನ್ನು ಹೊರತಂದಿತು.

ಶಬ್ದಗಳ ಸಾಲವು ಒಂದೇ ಕಡೆಗೆ ಹರಿದುದೂ ಅಲ್ಲ. ೧೮೯೪ರ ತನ್ನ ಕನ್ನಡ ನಿಘಂಟಿನ ಪೀಠಿಕೆಯಲ್ಲಿ ಕಿಟ್ಟೆಲನು, ದ್ರಾವಿಡದಿಂದ ಸಂಸ್ಕೃತಕ್ಕೆ ಹೋಗಿರಬೇಕೆಂದು ತನಗೆ ತೋರಿದ ಶಬ್ದಗಳ ನೀಳವಾದ ಪಟ್ಟಿಯನ್ನೇ ಕೊಟ್ಟಿರುವನು. ಲ್ಯಾಟಿನಿನ ಪಿಸ್ಕಿಸ್, ಇಂಗ್ಲಿಷಿನ ಫಿಶ್ ಒಂದೇ ಬೇರಿನವು. ಸಂಸ್ಕೃತದಲ್ಲಿ ಆ ಬೇರು ಮೀನಿನ ಹೆಸರಾಗಿ ಉಳಿಯಲಿಲ್ಲ. ಅದರ ಮತ್ಸ್ಯಕ್ಕೆ ಇರಾನೀ ಭಾಷೆಗಳಲ್ಲಿ ಜೋಡಿಯುಂಟು. ಇನ್ನೊಂದಾದ ಮೀನ ಶಬ್ದವು ದ್ರಾವಿಡದ್ದೆಂಬುದನ್ನು ಈಗ ವಿದ್ವಾಂಸರು ಬಹುಮಟ್ಟಿಗೆ ಒಪ್ಪುವರು. ಎರ್ಮಾಳಿನ ಮೊಗವೀರನ ಮನೆಗೆ ಬಂದ ಜೋಯಿಸರು ಮಗುವಿನದು ಮೀನರಾಶಿಯೆಂದು ಜಾತಕ ಬರೆದುಕೊಟ್ಟರೆ, ಆ ಮನೆಯವರ ಶಬ್ದವನ್ನೇ ಅವರಿಗೆ ಹಿಂದಿರುಗಿಸಿದಂತಾಯಿತು. ದಕ್ಷಿಣೆಯನ್ನು ಮಾತ್ರ ಕೊಡಲೇಬೇಕು.