ಶರ್ಯತ್ತಿನಿಂದ ಸಂಬಳದವರೆಗೆ: ನಮ್ಮ ಸೀಮೆಯ ಸೈಕಲ್ ಓಟ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಜಾತ್ರೆಗಳ ಹ್ಯಾಂಡ್‌ಬಿಲ್ಲಿನಲ್ಲಿ ಜೋಡೆತ್ತಿನ ಗಾಡಿಯ ಶರ್ಯತ್ತಿನ ಜೊತೆಗೆ ಸೈಕಲ್ ಶರ್ಯತ್ತೂ ಇರುತ್ತದೆ. ಗೆದ್ದವರಿಗೆ ರೊಕ್ಕ, ಢಾಲು, ಊರವರ ಚಪ್ಪಾಳೆ. ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಂಥ ಊರಿನ ಹುಡುಗನಿಗೆ ಸೈಕಲ್ ಒಂದು ಪಂದ್ಯದ ಸಾಮಾನೂ ಹೌದು ಎಂದು ತಿಳಿಯುವುದು ಇಂಥಲ್ಲೇ. ರಾಮದುರ್ಗದ ಪೂರ್ವಕ್ಕೆ ಬಾಗಲಕೋಟೆ ಜಿಲ್ಲೆಯ ಗಡಿ. 1997ರವರೆಗೆ ಬಾಗಲಕೋಟೆಯೂ ವಿಜಯಪುರ (ಆಗಿನ ವಿಜಾಪುರ) ಜಿಲ್ಲೆಯೊಳಗೇ ಇತ್ತು. ಕರ್ನಾಟಕದ ಸೈಕ್ಲಿಂಗ್ ಎಂದರೆ ಮೊದಲು ನೆನಪಾಗುವುದು ಹೀಗೆ ಒಂದಕ್ಕೊಂದು ಹೆಣೆದುಕೊಂಡ ಈ ಬಯಲುಸೀಮೆಯೇ.

ಅದಕ್ಕೆ ಕಾರಣ ಬರೀ ನೆಲವಲ್ಲ. ಎರೆಹೊಲಗಳ ನಡುವಿನ ನೇರ ರಸ್ತೆ, ಮರೆ ಇಲ್ಲದ ಬಯಲಿನ ಎದುರುಗಾಳಿ ಕಾಲಿಗೆ ಕಸುವು ಕೊಡುತ್ತವೆ ನಿಜ. ಆದರೆ ಶರ್ಯತ್ತಿನ ಹುಡುಗರನ್ನು, ಮುಂದೆ ಹುಡುಗಿಯರನ್ನೂ, ರಾಷ್ಟ್ರೀಯ ಮಟ್ಟಕ್ಕೆ ಮುಟ್ಟಿಸಿದ್ದು ವಿಜಯಪುರ ಮತ್ತು ಬಾಗಲಕೋಟೆಯ ಸರ್ಕಾರಿ ಕ್ರೀಡಾ ಹಾಸ್ಟೆಲುಗಳು. ಪಂದ್ಯದ ಸೈಕಲ್ಲಿನ ಬೆಲೆ ಲಕ್ಷ ದಾಟುತ್ತದೆ. ಒಣಬೇಸಾಯದ ಮನೆಗೆ ಅದು ಎಟುಕುವ ಮಾತಲ್ಲ. ಊಟ, ಸೈಕಲ್, ತರಬೇತಿ ಮೂರನ್ನೂ ಒಂದೇ ಸೂರಿನಡಿ ಕೊಟ್ಟ ಈ ಹಾಸ್ಟೆಲುಗಳಿಗೆ ಸಿಗಬೇಕಾದಷ್ಟು ಹೊಗಳಿಕೆ ಇನ್ನೂ ಸಿಕ್ಕಿಲ್ಲ. ರಾಜ್ಯದ ವೆಂಕಪ್ಪ ಕೆಂಗಲಗುತ್ತಿ 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಭಾರತದ ಟ್ರ್ಯಾಕ್ ತಂಡದಲ್ಲಿದ್ದರು. ಇತ್ತ ವಿಜಯಪುರದಲ್ಲಿ ಟ್ರ್ಯಾಕ್ ಪಂದ್ಯದ ಅಂಕಣವಾದ ವೆಲೊಡ್ರೋಮ್ ಕಟ್ಟುವ ಕೆಲಸ ವರ್ಷಗಟ್ಟಲೆ ಎಳೆಯಿತು. ಹೀಗಾಗಿ ಇಲ್ಲಿಯ ಎಷ್ಟೋ ಮಕ್ಕಳು ಟ್ರ್ಯಾಕ್ ಪಂದ್ಯಕ್ಕೂ ಹೆದ್ದಾರಿಯ ಅಂಚಿನಲ್ಲಿ, ಲಾರಿಗಳ ಪಕ್ಕದಲ್ಲೇ ತಯಾರಾದರು.

ದೇಶದ ಸೈಕ್ಲಿಂಗ್ ಚರಿತ್ರೆ ಉದ್ದವಾಗಿದೆ, ಆದರೆ ತೆಳುವಾಗಿದೆ. ರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು 1946ರಲ್ಲಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಸವಾರರು ಓಡಿದರು. 1964ರ ಟೋಕಿಯೊದ ನಂತರ ಒಬ್ಬರೂ ಒಲಿಂಪಿಕ್ಸ್ ಮುಟ್ಟಿಲ್ಲ. ಬೋರ್ ಘಾಟಿ ಹತ್ತುವ ಮುಂಬೈ–ಪುಣೆ ಓಟದಂಥ ಕೆಲವು ಪಂದ್ಯಗಳು ಆಸೆಯನ್ನು ಜೀವಂತವಾಗಿಟ್ಟವು.

ಹಾಸ್ಟೆಲಿನ ನಂತರದ ದಾರಿ ಎಲ್ಲರಿಗೂ ಗೊತ್ತಿರುವುದೇ. ರಾಷ್ಟ್ರೀಯ ಕೂಟದಲ್ಲಿ ಪದಕ, ಆಮೇಲೆ ಕ್ರೀಡಾ ಕೋಟಾದಲ್ಲಿ ರೈಲ್ವೆಯ ಇಲ್ಲವೇ ಸೇನೆಯ ನೌಕರಿ. ಇದನ್ನು ಹಗುರವಾಗಿ ಕಾಣಬಾರದು. ಒಂದು ಮನೆತನದ ಬದುಕೇ ಇದರಿಂದ ಬದಲಾಗುತ್ತದೆ, ರೈಲ್ವೆ ಮತ್ತು ಸರ್ವಿಸಸ್ ತಂಡಗಳು ದೇಶದ ಸೈಕ್ಲಿಂಗನ್ನು ದಶಕಗಳಿಂದ ಹೊತ್ತು ನಿಂತಿವೆ. ಆದರೂ ನನಗೆ ಕೊರೆಯುವ ಸಂಗತಿ ಒಂದಿದೆ. ನಮ್ಮಲ್ಲಿ ಸೈಕಲ್ ನೌಕರಿ ಕೊಡಿಸುತ್ತದೆ, ಸೈಕಲ್ ತುಳಿಯುವುದೇ ನೌಕರಿಯಾಗುವುದಿಲ್ಲ. ಯುರೋಪಿನ ಸವಾರ 19ರಿಂದ 22ರವರೆಗೆ ‘ಅಂಡರ್-23’ ವರ್ಗದಲ್ಲಿ ಪಂದ್ಯದ ಮೇಲೆ ಪಂದ್ಯ ಓಡಿ ಕಾಂಟಿನೆಂಟಲ್, ಪ್ರೊ ಟೀಮ್, ವರ್ಲ್ಡ್ ಟೂರ್ ಎಂಬ ಮೆಟ್ಟಿಲುಗಳನ್ನು ಹತ್ತುತ್ತಾನೆ. ಅದೇ ವಯಸ್ಸಿನಲ್ಲಿ ನಮ್ಮವನು ನೇಮಕಾತಿ ಪ್ರಕಟಣೆಯ ದಾರಿ ಕಾಯುತ್ತಾನೆ.

ಕಳೆದುಹೋಗುವುದು ಆ ನಾಲ್ಕು ವರ್ಷ, ಅವನ್ನು ಮುಂದೆ ತುಂಬಿಕೊಳ್ಳಲಾಗದು. ಏಕೆಂದರೆ ರಸ್ತೆ ಓಟ ಕಾಲಿನ ಬಲದಷ್ಟೇ ಗುಂಪಿನ ವಿದ್ಯೆ. ಮುಂದಿನವನ ಹಿಂದೆ ಅಂಟಿಕೊಂಡು ಓಡಿದರೆ ಗಾಳಿಯ ಹೊಡೆತ ತಪ್ಪಿ ಕಾಲುಭಾಗಕ್ಕೂ ಹೆಚ್ಚು ಶ್ರಮ ಉಳಿಯುತ್ತದೆ. ಅಡ್ಡಗಾಳಿ ಬಂದಾಗ ರಸ್ತೆಗೆ ಓರೆಯಾಗಿ ಸಾಲುಗಟ್ಟಬೇಕು. ಸಾಲು ತಪ್ಪಿದವನು ಹಿಂದೆ ಬಿದ್ದನೆಂದೇ ಲೆಕ್ಕ. ನಾಯಕನಿಗಾಗಿ ನೀರು ತಂದು, ಗಾಳಿಗೆ ಎದೆಯೊಡ್ಡಿ, ತಾನು ಸೋಲುವುದನ್ನೇ ಕಸುಬು ಮಾಡಿಕೊಂಡ ಸವಾರರು ಪ್ರತಿ ತಂಡದಲ್ಲೂ ಇರುತ್ತಾರೆ. 21 ಹಂತ, ಸುಮಾರು 3,400 ಕಿ.ಮೀ. ಓಡುವ ಟೂರ್ ಡಿ ಫ್ರಾನ್ಸ್ ಗೆಲ್ಲುವವನ ಹೆಸರು ಒಂದೇ, ಗೆಲ್ಲಿಸುವವರು ಏಳು ಮಂದಿ. ಒಬ್ಬೊಬ್ಬರಾಗಿ ಗಡಿಯಾರದ ವಿರುದ್ಧ ಓಡುವ ಟೈಮ್ ಟ್ರಯಲ್‌ನಲ್ಲಿ ಈ ವಿದ್ಯೆ ಸಿಗುವುದಿಲ್ಲ, ವರ್ಷಕ್ಕೆ ಬೆರಳೆಣಿಕೆಯ ಪಂದ್ಯಗಳಲ್ಲೂ ಸಿಗುವುದಿಲ್ಲ.

ಈ ಕೊರತೆಯನ್ನು ಕಂಡು ಹೊರಟವರು ಬೆಂಗಳೂರಿನ ನವೀನ್ ಜಾನ್. ಇಂಜಿನಿಯರಿಂಗ್ ಓದಿ ತಡವಾಗಿ ಸೈಕಲ್ ಏರಿದ ಅವರು ಹಲವು ಸಲ ರಾಷ್ಟ್ರೀಯ ಟೈಮ್ ಟ್ರಯಲ್ ಗೆದ್ದರು. ಅಷ್ಟಕ್ಕೆ ನಿಲ್ಲದೆ ಬೆಲ್ಜಿಯಂನ ಊರಹಬ್ಬದ ಓಟಗಳಲ್ಲಿ ಪೆಟ್ಟು ತಿಂದು ಕಲಿತು, ಆಸ್ಟ್ರೇಲಿಯಾದ ಕಾಂಟಿನೆಂಟಲ್ ತಂಡ ಸೇರಿದರು. ಅಲ್ಲಿಯ ಊರಹಬ್ಬದ ಓಟ ನಮ್ಮ ಜಾತ್ರೆಯ ಶರ್ಯತ್ತಿಗೆ ಹತ್ತಿರದ ನೆಂಟ. ಅಲ್ಲಿ ಅದು ವೃತ್ತಿಗೆ ಮೊದಲ ಮೆಟ್ಟಿಲು.

ನಮ್ಮಲ್ಲಿ ಆ ಮೆಟ್ಟಿಲು ಯಾಕಿಲ್ಲ ಎಂಬುದಕ್ಕೆ ಬಡತನ ಉತ್ತರವಲ್ಲ. ಎರಿಟ್ರಿಯಾ ನಮಗಿಂತ ಬಡ ದೇಶ. ಇಟಲಿಯವರ ಆಳ್ವಿಕೆಯಲ್ಲಿ ಬಂದ ಸೈಕಲ್ ಓಟವನ್ನು ಅಲ್ಲಿಯವರು ತಮ್ಮದಾಗಿಸಿಕೊಂಡರು; 1946ರಲ್ಲೇ ಅಲ್ಲಿ ಹಲವು ದಿನಗಳ ಓಟ ನಡೆದಿತ್ತು. ರಾಜಧಾನಿ ಅಸ್ಮಾರಾದಲ್ಲಿ 2000ದಲ್ಲಿ ಹುಟ್ಟಿದ ಬಿನಿಯಮ್ ಗಿರ್ಮೇ ಊರಿನ ಪಂದ್ಯಗಳಲ್ಲಿ ಓಡಿ, ಸ್ವಿಟ್ಜರ್ಲೆಂಡಿನ ಎಗ್ಲ್‌ನಲ್ಲಿರುವ ವಿಶ್ವ ಸೈಕ್ಲಿಂಗ್ ಕೇಂದ್ರದಲ್ಲಿ ಪಳಗಿ, 20ರ ಹೊತ್ತಿಗೆ ಫ್ರಾನ್ಸಿನ ತಂಡದಲ್ಲಿದ್ದರು. 2022ರಲ್ಲಿ ಬೆಲ್ಜಿಯಂನ ಗೆಂಟ್–ವೆವೆಲ್ಗೆಮ್ ಓಟ ಗೆದ್ದರು. 2024ರ ಟೂರ್‌ನಲ್ಲಿ ಮೂರು ಹಂತಗಳನ್ನೂ ಅಂಕಗಳ ಹಸಿರು ಜೆರ್ಸಿಯನ್ನೂ ಗೆದ್ದರು. ಊರಿನಲ್ಲಿ ಪಂದ್ಯ, ಸರಿಯಾದ ವಯಸ್ಸಿಗೆ ಹೊರದೇಶದ ತಂಡ: ಅವರಿಗೆ ದಕ್ಕಿದ್ದು ಇವೆರಡು.

ಇವುಗಳಲ್ಲಿ ಊರಿನ ಪಂದ್ಯವನ್ನಾದರೂ ನಾವು ಕಟ್ಟಬಹುದು. ಮಹಾರಾಷ್ಟ್ರ 2026ರ ಜನವರಿಗೆ 437 ಕಿ.ಮೀ.ಗಳ ಪುಣೆ ಗ್ರ್ಯಾಂಡ್ ಟೂರ್ ಎಂಬ ಅಂತರರಾಷ್ಟ್ರೀಯ ದರ್ಜೆಯ ಓಟವನ್ನು ರೂಪಿಸಿತು. ನಮ್ಮಲ್ಲೂ ವಿಜಯಪುರದಲ್ಲಿ ಹೊರಟು, ಬಾಗಲಕೋಟೆ ದಾಟಿ, ಸಾಲಹಳ್ಳಿಯಂಥ ಊರುಗಳ ನಡುವೆ ರಾಮದುರ್ಗಕ್ಕೆ ಬಂದು ಸವದತ್ತಿಯ ಎಲ್ಲಮ್ಮನ ಗುಡ್ಡದ ಏರಿನಲ್ಲಿ ಮುಗಿಯುವ ಓಟ ಆಗಬೇಕು. ಹಾಸ್ಟೆಲಿನ ಮಕ್ಕಳಿಗೆ ಪ್ರತಿ ವರ್ಷ, ಅದೇ ತಿಂಗಳಲ್ಲಿ, ಲಾರಿ ತಡೆದ ರಸ್ತೆಯ ಮೇಲೆ.